ಕಾನೂನು, ನೀತಿ, ರೂಢಿ: ಸಲ್ಲೇಖನಾ ವ್ರತವನ್ನು ಕುರಿತು ಒಂದು ವಿವೇಚನೆ

ಗೃಹಸ್ಥನ ನಡೆಯನ್ನು ನಿಯಮಿಸುವ ಅಧಿಕಾರಗಳು ಮೂರು. ಒಂದು ರಾಜ್ಯದ ಕಾನೂನು. ಎರಡನೆಯದು ಅಂತರಂಗದಲ್ಲಿ ನೆಲೆಸಿದ ನೀತಿ. ಮೂರನೆಯದು ಕುಲ, ಊರು, ಸಮಾಜಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಕಾನೂನನ್ನು ಮೀರಿದವನಿಗೆ ದಂಡನೆಯುಂಟು. ರೂಢಿಯನ್ನು ಮೀರಿದವನಿಗೆ ಲೋಕಾಪವಾದವುಂಟು. ನೀತಿಯನ್ನು ಮೀರಿದವನಿಗೆ ಅವನ ಆತ್ಮವೇ ಸಾಕ್ಷಿಯಾಗಿ ನಿಲ್ಲುತ್ತದೆ. ಈ ಮೂರೂ ಒಂದೇ ದಾರಿಯನ್ನು ತೋರಿದಾಗ ಶ್ರಾವಕನಿಗೆ ಕಷ್ಟವಿಲ್ಲ. ಅವು ಬೇರೆ ಬೇರೆ ದಾರಿಗಳನ್ನು ತೋರಿದಾಗ ಏನು ಮಾಡಬೇಕೆಂಬುದೇ ಈ ಪಾಠದ ವಿಷಯ.

ಕೆಲವು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸಿಕೊಳ್ಳಬಹುದು. ಕಳವನ್ನು ಕಾನೂನು ದಂಡಿಸುತ್ತದೆ, ನೀತಿ ನಿಷೇಧಿಸುತ್ತದೆ, ರೂಢಿ ನಿಂದಿಸುತ್ತದೆ. ಇಲ್ಲಿ ಮೂರಕ್ಕೂ ಒಮ್ಮತವಿದೆ. ರಾತ್ರಿಭೋಜನದ ವಿಷಯದಲ್ಲಿ ಕಾನೂನು ಏನನ್ನೂ ಹೇಳುವುದಿಲ್ಲ. ಜೀವದಯೆಯೂ ಮನೆತನದ ಆಚಾರವೂ ಮಾತ್ರ ಅದನ್ನು ತಡೆಯುತ್ತವೆ. ವರದಕ್ಷಿಣೆಯನ್ನು 1961ರ ಅಧಿನಿಯಮವು ಅಪರಾಧವೆಂದು ಸಾರಿತು, ಪರಿಗ್ರಹಪರಿಮಾಣ ವ್ರತವಂತೂ ಅಂಥ ಲೋಭಕ್ಕೆ ಎಂದಿನಿಂದಲೂ ವಿರುದ್ಧವೇ. ಆದರೂ ರೂಢಿಯ ಬಲದಿಂದ ಅದು ಅನೇಕ ಮನೆಗಳಲ್ಲಿ ಬೇರೆ ಬೇರೆ ಹೆಸರುಗಳಿಂದ ಉಳಿದುಕೊಂಡಿದೆ. ನಾಲ್ಕನೆಯದಾಗಿ ಸಲ್ಲೇಖನ. ಇದನ್ನು ಆಗಮವು ಪ್ರಶಂಸಿಸುತ್ತದೆ, ಸಮಾಜವು ಪೂಜ್ಯಭಾವದಿಂದ ಕಾಣುತ್ತದೆ. ಆದರೆ ಕಾನೂನು ಇದನ್ನು ಸಂಶಯದಿಂದ ನೋಡಿದ ಕಾಲವೊಂದು ಬಂದಿತು. ಆದುದರಿಂದ ಈ ವ್ರತವನ್ನೇ ಮುಂದಿಟ್ಟುಕೊಂಡು ಮೂರು ಅಧಿಕಾರಗಳ ಸಂಬಂಧವನ್ನು ವಿಚಾರಿಸುವುದು ಉಚಿತವಾಗಿದೆ.

1. ಪೂರ್ವಾಚಾರ್ಯರು ಹಾಕಿಕೊಟ್ಟ ಮೇರೆ

ಕ್ರಿ.ಶ. 959ರಲ್ಲಿ ಸೋಮದೇವಸೂರಿಯು ಯಶಸ್ತಿಲಕ ಚಂಪುವನ್ನು ಪೂರೈಸಿದನು. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವಂಶದವರು ಆಳುತ್ತಿದ್ದ ನಾಡಿನಲ್ಲಿ ಆ ಗ್ರಂಥ ರಚಿತವಾಯಿತು. ಅದರಲ್ಲಿ ಲೌಕಿಕ ವಿಧಿಗಳ ಬಗ್ಗೆ ಆತನು ಕೊಟ್ಟಿರುವ ನಿರ್ಣಯ ಇಂದಿಗೂ ಶ್ರಾವಕರಿಗೆ ದಾರಿದೀಪವಾಗಿದೆ. ಅದರ ಭಾವವಿಷ್ಟು: ಸಮ್ಯಕ್ತ್ವಕ್ಕೆ ಹಾನಿ ತಾರದ, ವ್ರತಕ್ಕೆ ಕಲಂಕ ಹಚ್ಚದ ಯಾವ ಲೋಕಾಚಾರವಾದರೂ ಜೈನರಿಗೆ ಗ್ರಾಹ್ಯವೇ. ಇಲ್ಲಿ ರೂಢಿಗೆ ಗೌರವವಿದೆ, ಆದರೆ ಕೊನೆಯ ಮಾತನ್ನಾಡುವ ಅಧಿಕಾರವಿಲ್ಲ. ರೂಢಿಯು ವ್ರತದ ಪರೀಕ್ಷೆಗೆ ಒಳಪಡಬೇಕೇ ಹೊರತು ವ್ರತವು ರೂಢಿಗೆ ಅಧೀನವಾಗಕೂಡದು.

ರಾಜ್ಯದ ಕಾನೂನಿನ ವಿಷಯದಲ್ಲಿಯೂ ಆಗಮವು ಉದಾಸೀನವಾಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯವ್ರತದ ಐದು ಅತಿಚಾರಗಳನ್ನು ಎಣಿಸುವಾಗ ವಿರುದ್ಧರಾಜ್ಯಾತಿಕ್ರಮವನ್ನೂ ಸೇರಿಸಿದ್ದಾರೆ. ರಾಜ್ಯದ ನಿಯಮವನ್ನು ಮೀರಿ ವ್ಯವಹಾರ ನಡೆಸುವುದು, ಸುಳ್ಳು ತೂಕ ಅಳತೆಗಳನ್ನು ಬಳಸುವುದು ಇವು ಕಳವಿಗೆ ಸಮೀಪದ ದೋಷಗಳು. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರ ಬರೆಯುವುದು, ಹೇಳಲ್ಪಟ್ಟಿದೆ. ತೆರಿಗೆ ತಪ್ಪಿಸಲು ಎರಡು ಲೆಕ್ಕ ಇಡುವವನು ಪರ್ವದಿನಗಳಲ್ಲಿ ಉಪವಾಸ ಮಾಡಿದರೂ ಅವನ ಅಣುವ್ರತಗಳು ಮಲಿನವಾಗಿಯೇ ಇರುತ್ತವೆ. ಹೀಗೆ ಕಾನೂನನ್ನು ಗೌರವಿಸುವುದು ಹೊರಗಿನಿಂದ ಬಂದ ಬಲಾತ್ಕಾರವಲ್ಲ. ಅದು ವ್ರತದ ಒಂದು ಅಂಗವೇ ಆಗಿದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ವಿಚಾರಕ್ಕೆ ಪ್ರವೇಶಿಸಬೇಕು.

2. ಸಲ್ಲೇಖನದ ಸ್ವರೂಪ

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳನ್ನು ನಾಲ್ಕಕ್ಕೆ ಸೀಮಿತಗೊಳಿಸಿದ್ದಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಈ ನಾಲ್ಕಕ್ಕೂ ಒಂದು ವಿಶೇಷಣವಿದೆ, ಅವು ಪ್ರತೀಕಾರವಿಲ್ಲದವುಗಳಾಗಿರಬೇಕು. ಔಷಧದಿಂದ ಗುಣವಾಗುವ ರೋಗ, ನೆರವಿನಿಂದ ನೀಗುವ ಬಡತನ, ಸಾಂತ್ವನದಿಂದ ಕಳೆಯುವ ದುಃಖ ಇವಾವುವೂ ಸಲ್ಲೇಖನಕ್ಕೆ ಕಾರಣಗಳಾಗಲಾರವು.

ಈ ಸಂಬಂಧದಲ್ಲಿ ದೇವಚಂದ್ರನ ರಾಜಾವಳೀಕಥೆಯಲ್ಲಿ ಬರುವ ಪರಂಪರೆಯ ವೃತ್ತಾಂತವೊಂದು ಮನನೀಯವಾಗಿದೆ. ಭಸ್ಮಕ ವ್ಯಾಧಿಯಿಂದ ಪೀಡಿತರಾದ ಸಮಂತಭದ್ರರು ಸಲ್ಲೇಖನಕ್ಕೆ ಅನುಮತಿ ನೀಡಬೇಕೆಂದು ಗುರುಗಳನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ಆಯುಷ್ಯವಿನ್ನೂ ಉಳಿದಿದೆ, ಧರ್ಮಕ್ಕೆ ಅವರಿಂದ ಆಗಬೇಕಾದ ಕಾರ್ಯವಿದೆ, ಆದುದರಿಂದ ಮೊದಲು ರೋಗವನ್ನು ಶಮನಗೊಳಿಸಿಕೊಳ್ಳಬೇಕು ಎಂಬುದು ಅವರ ಆಜ್ಞೆಯಾಗಿತ್ತು. ಸಲ್ಲೇಖನದ ಲಕ್ಷಣವನ್ನು ಹೇಳಿದ ಆಚಾರ್ಯರಿಗೇ ಒಮ್ಮೆ ಸಲ್ಲೇಖನ ನಿರಾಕರಿಸಲ್ಪಟ್ಟಿತೆಂದು ಪರಂಪರೆಯು ನೆನೆಯುತ್ತದೆ. ಬೇಡಿದವರಿಗೆಲ್ಲ ಕೊಡುವ ವ್ರತ ಇದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವ್ರತದ ಕ್ರಮವೂ ನಿಧಾನವಾದುದು. ಮೊದಲು ಸ್ನೇಹ, ವೈರ, ಪರಿಗ್ರಹಗಳನ್ನು ತೊರೆದು, ಬಂಧುಗಳನ್ನೂ ಪರಿಜನರನ್ನೂ ಕ್ಷಮೆ ಬೇಡಿ, ಅವರಿಗೂ ಕ್ಷಮೆ ನೀಡಿ, ಮಾಡಿದ ದೋಷಗಳನ್ನು ಮುಚ್ಚುಮರೆಯಿಲ್ಲದೆ ಆಲೋಚನೆ ಮಾಡಬೇಕು. ಆ ಬಳಿಕ ಘನ ಆಹಾರ, ಅನಂತರ ಹಾಲು ಮುಂತಾದವು, ಅನಂತರ ಗಂಜಿ, ಬಿಸಿನೀರು ಹೀಗೆ ಒಂದೊಂದಾಗಿ ಕಡಿಮೆ ಮಾಡುತ್ತ ಶಕ್ತ್ಯನುಸಾರ ಉಪವಾಸಕ್ಕೆ ಬರಬೇಕು. ಕಾಯವನ್ನು ಕೃಶಗೊಳಿಸುವುದಕ್ಕಿಂತ ಕಷಾಯವನ್ನು ಕೃಶಗೊಳಿಸುವುದು ಮುಖ್ಯ. ಕ್ರೋಧ, ಮಾನ, ಮಾಯೆ, ಲೋಭಗಳು ಕರಗದೆ ದೇಹ ಮಾತ್ರ ಕರಗಿದರೆ ಅದು ಸಲ್ಲೇಖನವೆನಿಸದು.

ಇನ್ನು ಅತಿಚಾರಗಳು. ಉಮಾಸ್ವಾಮಿಗಳು ಹೇಳಿದ ಐದರಲ್ಲಿ ಮೊದಲನೆಯದು ಜೀವಿತಾಶಂಸೆ, ಎರಡನೆಯದು ಮರಣಾಶಂಸೆ; ಉಳಿದವು ಮಿತ್ರಾನುರಾಗ, ಸುಖಾನುಬಂಧ ಮತ್ತು ನಿದಾನ. ಬದುಕಬೇಕೆಂಬ ಹಂಬಲವು ಹೇಗೆ ದೋಷವೋ ಬೇಗ ಸಾಯಬೇಕೆಂಬ ಬಯಕೆಯೂ ಹಾಗೆಯೇ ದೋಷ. ಮರಣವನ್ನು ಬಯಸುವುದೇ ವ್ರತಭಂಗಕ್ಕೆ ದಾರಿಯಾದಾಗ, ಮರಣವನ್ನು ಬಯಸಿ ಮಾಡಿಕೊಳ್ಳುವ ಆತ್ಮಹತ್ಯೆಗೂ ಸಲ್ಲೇಖನಕ್ಕೂ ಎಷ್ಟು ಅಂತರವೆಂಬುದು ತಾನಾಗಿ ತಿಳಿಯುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡೇ ಉತ್ತರಿಸಿದ್ದಾರೆ. ಪ್ರಮಾದದ ಯೋಗದಿಂದ ಪ್ರಾಣವನ್ನು ನೀಗಿಸುವುದು ಹಿಂಸೆ. ರಾಗ, ದ್ವೇಷ, ಮೋಹಗಳಿಂದ ಪ್ರೇರಿತನಾಗಿ ವಿಷ, ಶಸ್ತ್ರಾದಿಗಳಿಂದ ತನ್ನನ್ನು ಕೊಂದುಕೊಳ್ಳುವವನು ಆತ್ಮಘಾತಕನು. ರಾಗಾದಿಗಳಿಲ್ಲದ ಸಲ್ಲೇಖಕನಿಗೆ ಆ ದೋಷವಿಲ್ಲ ಎಂಬುದು ಅವರ ಸಮಾಧಾನದ ತಾತ್ಪರ್ಯ.

3. ಕನ್ನಡ ನಾಡಿನ ರೂಢಿ

ಈ ವ್ರತಕ್ಕೆ ಕರ್ಣಾಟಕದಷ್ಟು ಶಿಲಾಸಾಕ್ಷ್ಯವನ್ನು ಒದಗಿಸಿದ ನಾಡು ವಿರಳ. ಶ್ರವಣಬೆಳಗೊಳದ ಐನೂರಕ್ಕೂ ಮಿಕ್ಕ ಶಾಸನಗಳಲ್ಲಿ ಅನೇಕವು ಸಮಾಧಿಮರಣವನ್ನು ದಾಖಲಿಸುತ್ತವೆ. ಚಿಕ್ಕಬೆಟ್ಟದ ಮೇಲಿನ, ಸುಮಾರು ಕ್ರಿ.ಶ. 600ರದೆಂದು ಎಣಿಸಲಾದ ಶಾಸನವು ಪ್ರಭಾಚಂದ್ರರ ಸಮಾಧಿಯನ್ನೂ ಏಳುನೂರು ಋಷಿಗಳ ಸಮಾಧಿಯನ್ನೂ ಹೇಳುತ್ತದೆ. ಗಂಗರಾಜ ಎರಡನೆಯ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡನು. ರಾಷ್ಟ್ರಕೂಟರ ನಾಲ್ಕನೆಯ ಇಂದ್ರನು 982ರಲ್ಲಿ ಬೆಳಗೊಳದಲ್ಲಿ ದೇಹವಿಟ್ಟನು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಉಪಸರ್ಗಗಳನ್ನು ಸಮಭಾವದಿಂದ ಸಹಿಸಿದ ಮಹಾಪುರುಷರ ಕಥೆಗಳೇ ಆಗಿವೆ.

ಈ ಕಾಲಕ್ಕೆ ಸಮೀಪದ ನಿದರ್ಶನಗಳೂ ಇವೆ. ಬೆಳಗಾವಿ ಸೀಮೆಯಲ್ಲಿ ಜನಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರರು ದೃಷ್ಟಿ ಕುಂದಿದಾಗ, ಜೀವಗಳನ್ನು ಕಂಡು ನಡೆಯುವ ಈರ್ಯಾಸಮಿತಿಯನ್ನು ಪಾಲಿಸುವುದು ಕಷ್ಟವಾಯಿತೆಂದು ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿ 1955ರ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಸದಲಗದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಸಮಾಧಿಯನ್ನೈದಿದರು.

ಇಷ್ಟು ದೀರ್ಘವಾದ ರೂಢಿಯು ಗೌರವಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರಾಚೀನತೆಯೊಂದೇ ಯಾವ ಆಚಾರವನ್ನೂ ಸಮರ್ಥಿಸಲಾರದು. ಶಾಂತಿಸಾಗರರ ಸಲ್ಲೇಖನವು ವಂದ್ಯವಾದುದು ಹಿಂದಿನವರು ಹಾಗೆ ಮಾಡಿದ್ದರೆಂಬ ಕಾರಣದಿಂದಲ್ಲ. ಅಹಿಂಸೆಯನ್ನು ಪಾಲಿಸಲಾಗದ ದೇಹವನ್ನು ಅಹಿಂಸೆಗಾಗಿಯೇ ತ್ಯಜಿಸಿದರೆಂಬ ಕಾರಣದಿಂದ.

4. ನ್ಯಾಯಾಲಯದ ಮುಂದೆ ವ್ರತ

2006ರಲ್ಲಿ ರಾಜಸ್ಥಾನದ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದು ದಾಖಲಾಯಿತು. ಶ್ವೇತಾಂಬರರು ಸಂಥಾರಾ ಎಂದು ಕರೆಯುವ ಈ ಆಚರಣೆಯನ್ನು ಆತ್ಮಹತ್ಯೆಯೆಂದು ಪರಿಗಣಿಸಬೇಕೆಂಬುದು ಅರ್ಜಿದಾರರ ಬೇಡಿಕೆ. ವಿರೋಧಿಗಳು ಇದನ್ನು ಸತಿ ಪದ್ಧತಿಗೆ ಹೋಲಿಸಿದರು. 2015ರ ಆಗಸ್ಟ್ 10ರಂದು ಹೈಕೋರ್ಟು ತೀರ್ಪಿತ್ತು, ಈ ಆಚರಣೆ ಜೈನಧರ್ಮದ ಅತ್ಯಾವಶ್ಯಕ ಅಂಗವೆಂದು ಸಿದ್ಧವಾಗಿಲ್ಲವೆಂದಿತು. ಇದನ್ನು ನಿಲ್ಲಿಸಬೇಕೆಂದೂ, ದೂರು ಬಂದರೆ ಭಾರತ ದಂಡ ಸಂಹಿತೆಯ 309 ಅಥವಾ 306ನೆಯ ಕಲಮಿನನ್ವಯ ಮೊಕದ್ದಮೆ ಹೂಡಬೇಕೆಂದೂ ಸರಕಾರಕ್ಕೆ ಆದೇಶಿಸಿತು. 309ನೆಯದು ಆತ್ಮಹತ್ಯೆಯ ಪ್ರಯತ್ನವನ್ನು, 306ನೆಯದು ಆತ್ಮಹತ್ಯೆಗೆ ಪ್ರೇರಣೆಯನ್ನು ದಂಡಿಸುತ್ತಿದ್ದ ಕಲಮುಗಳು. ಆಗಸ್ಟ್ 24ರಂದು ದೇಶದ ಅನೇಕ ಊರುಗಳಲ್ಲಿ ಜೈನ ಸಮಾಜದವರು ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ತಡೆಯಾಜ್ಞೆಯು ರಕ್ಷಣೆಯೇ ಸರಿ. ಆದರೆ ಅದನ್ನು ಅಂತಿಮ ನಿರ್ಣಯವೆಂದು ಭಾವಿಸತಕ್ಕದ್ದಲ್ಲ.

ಸಂವಿಧಾನದ 25ನೆಯ ಅನುಚ್ಛೇದವು ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳ ಮಿತಿಯೊಳಗೆ ಕೊಟ್ಟಿದೆ. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ, ಒಂದು ಧರ್ಮದ ಆವಶ್ಯಕ ಅಂಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ನಿರ್ಧರಿಸಬೇಕೆಂದು ಹೇಳಿತ್ತು. ಆ ಅಳತೆಯಿಂದ ನೋಡಿದರೂ ಒಂದು ತೊಡಕು ಉಳಿಯುತ್ತದೆ. ಸಲ್ಲೇಖನವು ಎಲ್ಲರಿಗೂ ಕಡ್ಡಾಯವಲ್ಲ. ಕುಂದಕುಂದರು ಇದನ್ನು ಶಿಕ್ಷಾವ್ರತಗಳಲ್ಲಿ ಎಣಿಸಿದರೆ ಉಮಾಸ್ವಾಮಿಗಳು ಹನ್ನೆರಡು ವ್ರತಗಳ ಹೊರಗೆ, ಅವುಗಳಿಗೆ ಕಲಶವೆಂಬಂತೆ ಇರಿಸಿದ್ದಾರೆ. ಕಡ್ಡಾಯವಾದುದನ್ನು ಮಾತ್ರ ಆವಶ್ಯಕವೆಂದು ಎಣಿಸುವುದಾದರೆ ಧರ್ಮದ ಅತ್ಯುನ್ನತ ಸಾಧನೆಗಳೆಲ್ಲ ರಕ್ಷಣೆಯ ಹೊರಗೆ ಉಳಿಯುತ್ತವೆ. ಕಾನೂನು ಎಲ್ಲರಿಂದಲೂ ಅಪೇಕ್ಷಿಸಬಹುದಾದ ಕನಿಷ್ಠ ನಡತೆಯನ್ನು ವಿಧಿಸುತ್ತದೆ. ನೀತಿಯು ಕೆಲವರಿಂದ ಮಾತ್ರ ಸಾಧ್ಯವಾದ ಗರಿಷ್ಠ ನಡತೆಯನ್ನೂ ಒಳಗೊಳ್ಳುತ್ತದೆ. ಮೊದಲನೆಯ ಅಳತೆಗೋಲಿನಿಂದ ಎರಡನೆಯದನ್ನು ಅಳೆಯಹೊರಟಾಗ ಇಂಥ ವಿರೋಧಗಳು ಹುಟ್ಟುತ್ತವೆ.

ಕಾನೂನೂ ಒಂದೆಡೆ ನಿಂತಿಲ್ಲ. 1996ರಲ್ಲಿ ಗ್ಯಾನ್ ಕೌರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲವೆಂದು ತೀರ್ಮಾನಿಸಿತು. ಆದರೆ ಸ್ವಾಭಾವಿಕ ಮರಣದ ಪ್ರಕ್ರಿಯೆ ಆರಂಭವಾದವನು ಗೌರವದಿಂದ ದೇಹ ಬಿಡುವುದು ಬೇರೆಯೆಂದೂ ಒಪ್ಪಿತು. 2018ರ ಮಾರ್ಚ್ 9ರಂದು ಐವರು ನ್ಯಾಯಾಧೀಶರ ಪೀಠವು ಗೌರವಯುತ ಮರಣದ ಹಕ್ಕನ್ನು ಮನ್ನಿಸಿ, ಗುಣವಾಗದ ಸ್ಥಿತಿಯಲ್ಲಿ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡಲು ಅವಕಾಶ ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮದ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವನೆಂದು ಭಾವಿಸಿ ದಂಡನೆಯಿಂದ ಬಿಡುಗಡೆ ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ. ಸರಕಾರಿ ಅಧಿಕಾರಿಯ ಕರ್ತವ್ಯಕ್ಕೆ ಒತ್ತಾಯ ಅಥವಾ ಅಡ್ಡಿ ತರಲೆಂದು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ 226ನೆಯ ಕಲಮಿನಂತೆ ಶಿಕ್ಷೆಯುಂಟು.

ಆದರೆ ಆತ್ಮಹತ್ಯೆಗೆ ಪ್ರೇರಣೆಯೆಂಬ ಅಪರಾಧ 108ನೆಯ ಕಲಮಿನಲ್ಲಿ ಮುಂದುವರಿದಿದೆ. ಅದಕ್ಕೆ ಹತ್ತು ವರ್ಷಗಳವರೆಗೆ ಕಾರಾವಾಸವನ್ನು ವಿಧಿಸಬಹುದು. ಇದರಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ಕಾನೂನಿನ ಕಣ್ಣು ಇನ್ನು ಮುಂದೆ ವ್ರತಿಯ ಮೇಲಿಗಿಂತ ಅವನ ಸುತ್ತಲಿನ ಕುಟುಂಬದ ಮೇಲೆ ಬೀಳುವುದು ಹೆಚ್ಚು. ಅಲ್ಲದೆ, ಕಾನೂನು ಕನಿಕರದಿಂದ ದಂಡಿಸದೆ ಬಿಡುವುದಕ್ಕೂ ವ್ರತವನ್ನು ವ್ರತವೆಂದು ಗುರುತಿಸುವುದಕ್ಕೂ ವ್ಯತ್ಯಾಸವಿದೆ. ಸಲ್ಲೇಖಕನು ಮಾನಸಿಕ ರೋಗಿಯೆಂದು ಕ್ಷಮೆ ಪಡೆಯಬೇಕಾದವನಲ್ಲ.

5. ಕಾನೂನು ಕೇಳುವ ಪ್ರಶ್ನೆ ಆಗಮದ ಪ್ರಶ್ನೆಯೂ ಹೌದು

ಸತಿಯ ಹೋಲಿಕೆಯಿಂದ ಸಮಾಜಕ್ಕೆ ನೋವಾದುದು ಸಹಜ. ಸತಿಯು ವಿಧವೆಗೆ ಮಾತ್ರ ವಿಧಿಸಲ್ಪಟ್ಟಿದ್ದು, ಶೋಕದ ಗಳಿಗೆಯಲ್ಲಿ ಅಗ್ನಿಯಿಂದ ತತ್‌ಕ್ಷಣ ಮುಗಿಯುತ್ತಿತ್ತು. ಹಿಂದಿರುಗಲು ಅಲ್ಲಿ ದಾರಿಯಿರಲಿಲ್ಲ. ಸಲ್ಲೇಖನವು ಸ್ತ್ರೀಪುರುಷ ಭೇದವಿಲ್ಲದೆ, ಗುರುವಿನ ಪರೀಕ್ಷೆಯ ನಂತರ, ಹಂತಹಂತವಾಗಿ ನಡೆಯುತ್ತದೆ. ಆದರೂ ಆ ಹೋಲಿಕೆಯಲ್ಲಿ ಒಂದು ಎಚ್ಚರಿಕೆ ಅಡಗಿದೆ. ಸತಿಯನ್ನು ಸಮರ್ಥಿಸಿದವರೂ ಅದು ಸ್ವೇಚ್ಛೆಯದೆಂದೇ ಹೇಳುತ್ತಿದ್ದರು. 1829ರಲ್ಲಿ ಬೆಂಟಿಂಕನ ಕಾಯಿದೆ ಬರುವವರೆಗೆ ಆ ಸ್ವೇಚ್ಛೆಯ ಹಿಂದೆ ಎಷ್ಟು ಬಲಾತ್ಕಾರವಿತ್ತೆಂದು ವಿಚಾರಿಸುವವರು ವಿರಳವಾಗಿದ್ದರು. ಆದುದರಿಂದ, ‘ಇದು ಆ ವ್ಯಕ್ತಿಯ ಸ್ವತಂತ್ರ ಸಂಕಲ್ಪವೇ?’ ಎಂದು ಕಾನೂನು ಕೇಳಿದರೆ ಅದನ್ನು ಧರ್ಮದ್ವೇಷವೆಂದು ತಳ್ಳಿಹಾಕುವಂತಿಲ್ಲ. ಪರಿಣಾಮಗಳ ಶುದ್ಧಿಯನ್ನು ಪರೀಕ್ಷಿಸುವ ನಿರ್ಯಾಪಕಾಚಾರ್ಯರು ಕೇಳಬೇಕಾದ ಪ್ರಶ್ನೆಯೂ ಇದೇ.

ಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. 2016ರಲ್ಲಿ ಹೈದರಾಬಾದಿನಲ್ಲಿ ಬಾಲಕಿಯೊಬ್ಬಳು ಎರಡು ತಿಂಗಳಿಗೂ ಮಿಕ್ಕ ಉಪವಾಸದ ಬಳಿಕ ಮೃತಳಾದಾಗ ಪೊಲೀಸರು ಹೆತ್ತವರ ಮೇಲೆ ಮೊಕದ್ದಮೆ ದಾಖಲಿಸಿದರು. ಅದು ಸಲ್ಲೇಖನವಾಗಿರಲಿಲ್ಲ, ತಪಸ್ಸೆಂದು ಕೈಗೊಂಡ ಉಪವಾಸವಾಗಿತ್ತು. 2025ರಲ್ಲಿ ರೋಗಪೀಡಿತ ಎಳೆಯ ಮಗುವಿಗೆ ಸಂಥಾರಾ ಕೊಡಿಸಿದ ವಿಷಯವು ಮಧ್ಯಪ್ರದೇಶ ಹೈಕೋರ್ಟಿನ ಇಂದೋರ್ ಪೀಠದ ಮುಂದೆ ಬಂದಿತು. ಮಗುವನ್ನು ಕಳೆದುಕೊಂಡ ಹೆತ್ತವರ ದುಃಖವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಸಿದ್ಧಾಂತವನ್ನು ಸ್ಪಷ್ಟವಾಗಿ ಹೇಳಲೇಬೇಕಾಗುತ್ತದೆ. ಎಂಟು ವರ್ಷ ತುಂಬುವ ಮೊದಲು ಮನುಷ್ಯನಿಗೆ ಸಂಯಮಗ್ರಹಣದ ಯೋಗ್ಯತೆ ಬಾರದೆಂದು ದಿಗಂಬರ ಆಗಮ ಪರಂಪರೆ ಹೇಳುತ್ತದೆ. ವ್ರತವೆಂದರೆ ಅರಿತು ಮಾಡಿದ ಸಂಕಲ್ಪ. ಅರಿಯದವನ ಪರವಾಗಿ ಇನ್ನೊಬ್ಬನು ಸಂಕಲ್ಪ ಮಾಡಲು ಬರುವುದಿಲ್ಲ. ಎಂಟು ವರ್ಷವೆಂಬುದು ಆರಂಭದ ಮೇರೆಯೇ ಹೊರತು, ಆ ವಯಸ್ಸು ದಾಟಿದ ಪ್ರತಿಯೊಂದು ಮಗುವೂ ದೀರ್ಘೋಪವಾಸಕ್ಕೆ ಯೋಗ್ಯವೆಂಬ ಅರ್ಥವಲ್ಲ. ಸಾಯುತ್ತಿರುವ ಮಗುವಿನ ಬಳಿ ಕುಳಿತು ಣಮೋಕಾರ ಮಂತ್ರವನ್ನು ಕೇಳಿಸುವುದು, ನೋವನ್ನು ಕಡಿಮೆ ಮಾಡಿಸುವುದು ಹೆತ್ತವರ ಧರ್ಮ. ಅದಕ್ಕಿಂತ ಮುಂದೆ ಹೋಗಲು ಆಗಮದಲ್ಲಿಯೂ ಕಾನೂನಿನಲ್ಲಿಯೂ ಆಧಾರವಿಲ್ಲ.

6. ರೂಢಿಯಲ್ಲಿ ಸೇರಿದ ಮಲ

ಉಪವಾಸ ಮಾಡಿದವರನ್ನು ಮೆರವಣಿಗೆಯಲ್ಲಿ ಕರೆದೊಯ್ಯುವುದು, ದಿನಗಳ ಎಣಿಕೆಯನ್ನು ಸ್ಪರ್ಧೆಯಂತೆ ಪ್ರಕಟಿಸುವುದು, ಸಲ್ಲೇಖನಸ್ಥರ ಕೋಣೆಯಲ್ಲಿ ಜನಜಂಗುಳಿ ಸೇರಿ ಛಾಯಾಚಿತ್ರ ತೆಗೆಯುವುದು, ಅದರಿಂದ ಮನೆತನಕ್ಕೆ ಕೀರ್ತಿ ಬಂದಿತೆಂದು ಹಿಗ್ಗುವುದು ಇವೆಲ್ಲ ಕೆಲವೆಡೆ ರೂಢಿಗೆ ಬಂದಿವೆ. ಸೋಮದೇವಸೂರಿಯ ಅಳತೆಯಿಂದ ನೋಡಿದರೆ ಇವು ವ್ರತಕ್ಕೆ ಕಲಂಕ ತರುವ ಲೋಕಾಚಾರಗಳು, ಆದುದರಿಂದ ತ್ಯಾಜ್ಯ. ಹೊಗಳಿಕೆಯ ನಡುವೆ ಮಲಗಿದ ವೃದ್ಧೆಗೆ, ಮನಸ್ಸು ಬದಲಾದರೂ ‘ಸ್ವಲ್ಪ ನೀರು ಕೊಡಿ’ ಎಂದು ಕೇಳುವ ಧೈರ್ಯ ಬಾರದೆ ಹೋದರೆ, ಆ ಪಾಪದ ಪಾಲು ಹೊಗಳಿದವರಿಗೂ ಸಲ್ಲುತ್ತದೆ. ಭಗವತೀ ಆರಾಧನೆಯು ಕ್ಷಪಕನ ಸೇವೆಗೆ ನಲವತ್ತೆಂಟು ನಿರ್ಯಾಪಕರನ್ನು ಹೇಳುತ್ತದೆ. ಅಷ್ಟು ಜನ ದೊರೆಯದಿದ್ದರೆ ಕಡಿಮೆಯೆಂದರೆ ಇಬ್ಬರು ಬೇಕೆನ್ನುತ್ತದೆ. ಅವರು ಅಲ್ಲಿರುವುದು ಶುಶ್ರೂಷೆಗಾಗಿ, ಧರ್ಮಶ್ರವಣಕ್ಕಾಗಿ, ಚಿತ್ತ ಕದಡಿದಾಗ ಸ್ಥಿತಿಕರಣಕ್ಕಾಗಿ, ಪ್ರದರ್ಶನಕ್ಕಾಗಿ ಅಲ್ಲ.

ಇದಕ್ಕೆ ವಿರುದ್ಧವಾದ ದೋಷವೂ ಇದೆ. ತೊಂಬತ್ತು ದಾಟಿ, ಎಲ್ಲರನ್ನೂ ಕ್ಷಮೆ ಬೇಡಿ, ಶಾಂತರಾಗಿ ಆಹಾರದಿಂದ ವಿಮುಖರಾದ ಹಿರಿಯರನ್ನು ಕಾನೂನಿನ ಭಯದಿಂದಲೋ ಲೋಕದ ಭಯದಿಂದಲೋ ಬಲಾತ್ಕಾರವಾಗಿ ಕೊಳವೆಗಳಿಗೆ ಕಟ್ಟಿಹಾಕುವುದು ಅವರ ಜೀವಮಾನದ ಸಾಧನೆಗೆ ಎಸಗುವ ಅಪಚಾರವಾಗಿದೆ.

7. ಕುಟುಂಬದವರ ಕರ್ತವ್ಯ

ಹಿರಿಯರೊಬ್ಬರು ಸಲ್ಲೇಖನದ ಅಪೇಕ್ಷೆಯನ್ನು ವ್ಯಕ್ತಪಡಿಸಿದಾಗ ಮನೆಯವರು ಈ ಕ್ರಮವನ್ನು ಅನುಸರಿಸುವುದು ಉಚಿತ.

ಮೊದಲನೆಯದಾಗಿ, ಆ ಅಪೇಕ್ಷೆ ಎಲ್ಲಿಂದ ಹುಟ್ಟಿತೆಂದು ತಿಳಿಯಬೇಕು. ಮಕ್ಕಳ ಉಪೇಕ್ಷೆ, ಒಂಟಿತನ, ಇತರರಿಗೆ ಭಾರವಾದೆನೆಂಬ ಕೊರಗು ಇವುಗಳಿಂದ ಹುಟ್ಟಿದ್ದರೆ ಅದಕ್ಕೆ ಪ್ರತೀಕಾರ ಮನೆಯವರ ಕೈಯಲ್ಲಿಯೇ ಇದೆ. ಖಿನ್ನತೆಯಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎರಡನೆಯದಾಗಿ, ರೋಗವು ನಿಷ್ಪ್ರತೀಕಾರವೇ ಎಂಬುದನ್ನು ವೈದ್ಯರಿಂದ ಅರಿತು, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಬೇಕು. ಇದು ಆಗಮದ ನಿಯಮಕ್ಕೂ ಕಾನೂನಿನ ವಿಚಾರಣೆಗೂ ಸಮನಾಗಿ ಉಪಯುಕ್ತ.

ಮೂರನೆಯದಾಗಿ, ಯೋಗ್ಯ ಗುರುಗಳ ಸನ್ನಿಧಿಯಲ್ಲಿ ವ್ರತಾರ್ಥಿಯೇ ಸ್ವತಃ, ಸ್ವಸ್ಥಚಿತ್ತದಿಂದ ತನ್ನ ಸಂಕಲ್ಪವನ್ನು ಹೇಳಬೇಕು. ಮನೆಯವರು ಪ್ರೇರೇಪಿಸಬಾರದು. ಗುರುಗಳು ಬೇಡವೆಂದರೆ ಅದನ್ನು ಶಿರಸಾವಹಿಸಬೇಕು.

ನಾಲ್ಕನೆಯದಾಗಿ, ಆಸ್ತಿಪಾಸ್ತಿಗಳ ವ್ಯವಸ್ಥೆ ವ್ರತಕ್ಕಿಂತ ಬಹಳ ಮೊದಲೇ ಮುಗಿದಿರಬೇಕು. ಮರಣದಿಂದ ಲಾಭ ಹೊಂದುವವನು ಅನುಮತಿ ಕೊಡುವವನಾಗಬಾರದು.

ಐದನೆಯದಾಗಿ, ನೀರು, ಆಹಾರ, ಔಷಧಗಳು ಕೇಳಿದ ಕೂಡಲೇ ದೊರೆಯುವಂತಿರಬೇಕು. ಪರಿಣಾಮಗಳು ಕೆಟ್ಟು ಸಂಕ್ಲೇಶದಿಂದ ಸಾಯುವುದಕ್ಕಿಂತ ಆಹಾರ ಸ್ವೀಕರಿಸಿ ಸಮಾಧಾನದಿಂದ ಬದುಕುವುದು ಲೇಸು. ಹಾಗೆ ಹಿಂದೆಗೆದವರನ್ನು ಯಾರೂ ಹಳಿಯಬಾರದು.

ಆರನೆಯದಾಗಿ, ಅಧಿಕಾರಿಗಳು ಬಂದು ವಿಚಾರಿಸಿದರೆ ಸತ್ಯವನ್ನೇ ಹೇಳಬೇಕು. ವ್ರತವನ್ನು ಉಳಿಸಲು ಸುಳ್ಳು ಹೇಳಿದರೆ ಇನ್ನೊಂದು ವ್ರತ ಮುರಿಯುತ್ತದೆ.

8. ಉಪಸಂಹಾರ

ಕಾನೂನು ಹೊರಗಿನ ಕ್ರಿಯೆಯನ್ನು ನೋಡುತ್ತದೆ. ಅದಕ್ಕೆ ಅಂತರಂಗ ಗೋಚರವಾಗುವುದು ಕಷ್ಟ. ಆದರೆ ದುರ್ಬಲರನ್ನು ಪ್ರಬಲರಿಂದ ಕಾಯುವ ಹೊಣೆ ಅದರದು. ಆ ಹೊಣೆಗಾಗಿ ಅದು ಗೌರವಾರ್ಹ. ರೂಢಿಯು ಪೂರ್ವಜರ ಅನುಭವವನ್ನು ಹೊತ್ತು ತರುತ್ತದೆ. ಹೊತ್ತು ತರುವಾಗ ಧೂಳೂ ಸೇರುತ್ತದೆ. ನೀತಿಯು, ಎಂದರೆ ಸಮ್ಯಕ್ತ್ವಪೂರ್ವಕವಾದ ವ್ರತವು, ಇವೆರಡನ್ನೂ ಪರೀಕ್ಷಿಸುತ್ತದೆ. ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಸಲ್ಲೇಖನವನ್ನು ನ್ಯಾಯಾಲಯದಲ್ಲಿ ಸಮರ್ಥಿಸುವ ಕಾರ್ಯ ನ್ಯಾಯವಾದಿಗಳದ್ದಾದರೆ, ಅದನ್ನು ಸಮರ್ಥನೆಗೆ ಯೋಗ್ಯವಾಗಿ ಉಳಿಸುವ ಕಾರ್ಯ ಪ್ರತಿಯೊಂದು ಶ್ರಾವಕ ಕುಟುಂಬದ್ದಾಗಿದೆ.

ಸ್ವಾಧ್ಯಾಯಕ್ಕಾಗಿ ಪ್ರಶ್ನೆಗಳು

1. ಲೋಕಾಚಾರವನ್ನು ಸ್ವೀಕರಿಸಲು ಸೋಮದೇವಸೂರಿ ಹೇಳಿದ ಎರಡು ನಿಬಂಧನೆಗಳು ಯಾವುವು? ಅವುಗಳನ್ನು ತಮ್ಮ ಮನೆಯ ಒಂದು ರೂಢಿಗೆ ಅನ್ವಯಿಸಿ ನೋಡಿರಿ.

2. ‘ನಿಷ್ಪ್ರತೀಕಾರ’ ಎಂಬ ವಿಶೇಷಣವಿಲ್ಲದಿದ್ದರೆ ಸಲ್ಲೇಖನದ ಲಕ್ಷಣದಲ್ಲಿ ಯಾವ ದೋಷ ಬರುತ್ತಿತ್ತು?

3. ಮರಣಾಶಂಸೆಯನ್ನು ಅತಿಚಾರವೆಂದು ಏಕೆ ಹೇಳಲಾಗಿದೆ?

4. ವಿರುದ್ಧರಾಜ್ಯಾತಿಕ್ರಮವು ಅಚೌರ್ಯವ್ರತಕ್ಕೆ ಏಕೆ ಸೇರಿದೆ?

5. ವ್ರತಿಯೊಬ್ಬರು ಮಧ್ಯದಲ್ಲಿ ಆಹಾರ ಬೇಡಿದರೆ ಮನೆಯವರ ಧರ್ಮವೇನು? ಕಾರಣ ಸಹಿತ ವಿಚಾರಿಸಿರಿ.